ಸಾವಕ್ಕ ಘಾಟ್ ಇಳಿದದ್ದು

ಇಂಜಿನ್ ರಿಪೇರಿಯ ಪಾರಿಸನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಪಾರಿಸ ನಾನೇ, ಮಾತೂ ಸುಳ್ಳಲ್ಲ. ಆದರೆ ನನ್ನ ಜಾಗದಲ್ಲಿ ಕೂತು ನೋಡಬೇಕು. ಹನಿ ಎಣ್ಣೆ ಕಾಣಿಸದೆ ವರ್ಷಗಟ್ಟಲೆ ಇಂಜಿನ್ ಓಡಿಸಿ, ಅದು ಕರೀ ಹೊಗೆ ಉಗುಳಿ ನಿಂತ ಮೇಲೆ ನನ್ನ ಗ್ಯಾರೇಜಿಗೆ ಹೇರಿಕೊಂಡು ಬಂದು, "ನಿನ್ನಿ ತನಕ ಚಲೋನ ಇತ್ತ ನೋಡ್ರಿ" ಅನ್ನುವವರ ಜೊತೆ ನಗುನಗುತ್ತಾ ಮಾತಾಡುವುದು ಹೇಗೆ? ಈಗಂತೂ ಎಲ್ಲರ ಬಾವಿಗೂ ಕರೆಂಟಿನ ಮೋಟರು ಬಂದಿದೆ. ಹಳೇ ಆಯಿಲ್ ಇಂಜಿನ್‌ಗಳೆಲ್ಲ ನನ್ನ ಗ್ಯಾರೇಜಿನ ಹಿಂದೆ ಬಂದು ಬಿದ್ದಿವೆ. ಅವುಗಳ ಮೇಲೆ ಕೋಳಿ ಮಲಗುತ್ತವೆ.

ಆ ಹಳೇ ಕಬ್ಬಿಣಕ್ಕೆ ಮತ್ತೆ ಜೀವ ಬಂದದ್ದು ಜ್ಞಾನದೇವ ಮಾಮಾನಿಂದ. ಎತ್ತಿನ ಗಾಡಿಯ ಓಟದ ಶರ್ಯತ್ತುಗಳಲ್ಲಿ ಬಾವುಟ ಹಿಡಿದೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ ಅವನು. ನಿಪ್ಪಾಣಿ ಹತ್ತಿರದ ನಮ್ಮ ಘಾಟಿಗೆ ಹೊಸ ಹೆದ್ದಾರಿ ಬಂದು ಹಳೇ ರಸ್ತೆ ಖಾಲಿಯಾದಾಗ, ಅಲ್ಲಿ ಬೇರಿಂಗ್ ಗಾಡಿಯ ಶರ್ಯತ್ತು ಇಡೋಣ ಅಂದ. ಬೇರಿಂಗ್ ಗಾಡಿ ಯಾರಿಗೆ ಗೊತ್ತಿಲ್ಲ? ಸಣ್ಣವರಿದ್ದಾಗ ಹಲಗೆಗೆ ಹಳೇ ಬೇರಿಂಗ್ ಸಿಕ್ಕಿಸಿ, ಇಳಕಲಿನಲ್ಲಿ ಕೂತು ಜಾರಿ, ಮೊಣಕೈ ಕೆತ್ತಿಕೊಂಡು ಮನೆಗೆ ಬಂದು ಒದೆ ತಿಂದವರೇ ನಾವೆಲ್ಲ. ಈಗ ಮೀಸೆ ನರೆತ ಮೇಲೆ ಅದೇ ಆಟ, ಗಾಡಿ ಮಾತ್ರ ದೊಡ್ಡದು.

ನಿಯಮಗಳು ಸರಳ. ಗಾಡಿಗೆ ಇಂಜಿನ್ ಇರಬಾರದು, ಇಂಜಿನ್ನಿನ ಹಳೇ ಸಾಮಾನಿನಿಂದಲೇ ಗಾಡಿ ಕಟ್ಟಿರಬೇಕು. ದೊಡ್ಡ ಬೇರಿಂಗುಗಳೇ ಗಾಲಿ. ಗಾಡಿ ಮತ್ತು ಕೂತವರು ಸೇರಿ ಎರಡು ಕ್ವಿಂಟಲ್ ಮೀರಬಾರದು. ಬಾವುಟ ಬಿದ್ದ ಮೇಲೆ ಗಾಡಿಗೆ ಯಾರ ಕೈಯೂ ತಾಗಬಾರದು, ಇಳಕಲೇ ಅದನ್ನು ಒಯ್ಯಬೇಕು. ಕೊನೆಯದು ಎಲ್ಲರಿಗೂ ಬೇಜಾರಿನ ನಿಯಮ. ಗೆದ್ದವರಿಗೆ ಬಹುಮಾನದ ಢಾಲು ಕೊಡುವುದು ಘಾಟಿನ ಮೇಲೆ, ಗುಡಿಯ ಮುಂದೆ. ಆದ್ದರಿಂದ ಗಾಡಿ ಇಳಿಸಿದವರೇ ಅದನ್ನು ಮತ್ತೆ ಮೇಲಕ್ಕೆ ದೂಡಿಕೊಂಡು ಬರಬೇಕು.

ಹೋದ ವರ್ಷ ಢಾಲು ಗೆದ್ದವನು ಕೊಗನೊಳ್ಳಿಯ ಭಾವುಸಾಹೇಬ. ವೆಲ್ಡಿಂಗ್ ಅಂಗಡಿಯವನು. ಗೆದ್ದದ್ದಕ್ಕೆ ನನ್ನ ತಕರಾರಿಲ್ಲ. ಗೆದ್ದು ನೇರ ಮನೆಗೆ ಹೋಗದೆ, ಗುಲಾಲು ಬಳಿದುಕೊಂಡು ಹಲಗೆ ಬಾರಿಸುತ್ತಾ ನನ್ನ ಗ್ಯಾರೇಜಿನ ಮುಂದೆಯೇ ಮೆರವಣಿಗೆ ಮಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಹಿತ್ತಲಿಗೆ ಹೋಗಿ ಕೋಳಿಗಳನ್ನು ಓಡಿಸಿದೆ.

ನಮ್ಮೂರ ತವನಪ್ಪನ ಕಬ್ಬಿನ ಗಾಣ ತಿರುಗಿಸುತ್ತಿದ್ದ ಇಂಜಿನ್ನಿನ ಫ್ಲೈವೀಲನ್ನು, ಅಂದರೆ ಅದರ ಭಾರೀ ಕಬ್ಬಿಣದ ಚಕ್ರವನ್ನು, ಗಾಡಿಯ ಹೊಟ್ಟೆಯ ಕೆಳಗೆ ಅಡ್ಡ ಮಲಗಿಸಿ ವೆಲ್ಡ್ ಮಾಡಿದೆ. ಎಷ್ಟು ಭಾರವೋ ಅಷ್ಟು ಓಟ ಎಂಬುದು ನನ್ನ ಲೆಕ್ಕ. ಸೀಟಿನ ಕೆಳಗೆ ವಾಲ್ವ್ ಸ್ಪ್ರಿಂಗ್ ಕೊಟ್ಟೆ. ಇಂಜಿನ್ ಶುರು ಮಾಡುವ ಹ್ಯಾಂಡಲ್ಲನ್ನೇ ಬ್ರೇಕಿನ ಹಿಡಿಕೆ ಮಾಡಿದೆ. ಕೊನೆಗೆ ಬೇರಿಂಗಿನ ಕೆಲಸ, ಅದು ನನ್ನ ಗುಟ್ಟು. ಎರಡೂ ಬದಿಯ ಮುಚ್ಚಳ ಕಿತ್ತು, ಒಳಗಿನ ಗ್ರೀಸನ್ನು ಡಿಸೇಲಿನಲ್ಲಿ ತೊಳೆದು, ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಬಿಟ್ಟೆ. ಬೆರಳಿನಿಂದ ಒಮ್ಮೆ ತಿರುಗಿಸಿ ಚಹಾ ಕುಡಿಯಲು ಕೂತರೆ, ಕಪ್ಪು ಖಾಲಿಯಾದರೂ ಬೇರಿಂಗ್ ತಿರುಗುತ್ತಲೇ ಇರುತ್ತಿತ್ತು. ಭಾವುಸಾಹೇಬನ ಮುಖ ನೆನೆಸಿಕೊಂಡು ನಾನು ಒಬ್ಬನೇ ನಕ್ಕೆ.

ಓಡಿಸುವವನು ಮಾಳು ಎಂದು ಮೊದಲೇ ಗೊತ್ತುಮಾಡಿದ್ದೆವು. ಮಾಳು ನಮ್ಮ ಪಕ್ಕದ ಮನೆಯ ಸಾವಕ್ಕನ ಮಗ, ಕುರಿ ಸಾಕುವ ಮನೆತನ. ಗಟ್ಟಿ ಆಳು, ಹೆದರಿಕೆ ಗೊತ್ತಿಲ್ಲ. ಆದರೆ ಗ್ಯಾರೇಜಿಗೆ ದಿನಾ ಬರುತ್ತಿದ್ದುದು ಅವನಲ್ಲ, ಅವನ ಅವ್ವ. ಕುರಿಗಳನ್ನು ಗುಡ್ಡದಿಂದ ಇಳಿಸಿಕೊಂಡು ಬಂದು, ಕೋಲನ್ನು ನನ್ನ ಬಾಗಿಲಿಗೆ ಆನಿಸಿ, ಗಾಡಿಯ ಸೀಟಿನಲ್ಲಿ ಕೂತುಬಿಡುತ್ತಿದ್ದಳು. ಕೂತು ಸ್ಟೇರಿಂಗ್ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು.

"ಏನಕ್ಕಾ, ಎಲ್ಲಿಗಿ ಹೊಂಟಿ?" ಅಂದೆ ಒಂದು ದಿನ.

"ಕೆಳಗ," ಅಂದಳು. "ತಮ್ಮಾ, ಮದಿವ್ಯಾಗಿ ಬಂದಾಗಿಂದ ಈ ಘಾಟ ಹತ್ತಾಕತ್ತೇನಿ, ಇಳ್ಯಾಕತ್ತೇನಿ. ಹತ್ತೂದು ಎದಿಗಿ ಬರತೈತಿ, ಇಳಿಯೂದು ಮೊಣಕಾಲಿಗಿ ಬರತೈತಿ. ಒಮ್ಮಿ ಕುಂತ ಇಳಿಬೇಕು ನೋಡ, ಅಷ್ಟ ಆಸೆ."

"ಬಸ್ಸಿನ್ಯಾಗ ಎಷ್ಟ ಸಲ ಇಳದಿಯಲ್ಲ."

"ಬಸ್ಸಿನ್ಯಾಗ ಡ್ರೈವರ್ ಇಳಿತಾನ. ನಾ ಎಲ್ಲಿ ಇಳದೆ? ಮಂದಿ ಬೆನ್ನ ನೋಡಕೋತ ನಿಂತಿರತೇನಿ."

ಈ ಆಟ ಹೆಂಗಸರಿಗಲ್ಲ, ಅರವತ್ತು ದಾಟಿದವರಿಗಂತೂ ಅಲ್ಲವೇ ಅಲ್ಲ ಎಂದು ನಾನು ಖಡಕ್ಕಾಗಿ ಹೇಳಿದೆ. ಅವಳು ವಾದ ಮಾಡಲಿಲ್ಲ. ಕೋಲು ತೆಗೆದುಕೊಂಡು ಹೋದಳು, ಮಾರನೇ ದಿನ ಮತ್ತೆ ಬಂದು ಕೂತಳು. ಬ್ರೇಕ್ ಯಾವುದು, ಎಷ್ಟು ಎಳೆಯಬೇಕು, ತಿರುವಿನಲ್ಲಿ ಮೈ ಯಾವ ಕಡೆ ವಾಲಿಸಬೇಕು ಎಂದು ಕೇಳುತ್ತಿದ್ದಳು. ಮಾಳುವಿಗೆ ಹೇಳಲಿಕ್ಕಿರಬೇಕು ಎಂದುಕೊಂಡು ಹೇಳಿಕೊಟ್ಟೆ.

ಶರ್ಯತ್ತಿನ ದಿನ ಘಾಟಿನ ಮೇಲೆ ಜನವೋ ಜನ. ಭಜಿ ಕರಿಯುವವರು, ಕಬ್ಬಿನ ಹಾಲಿನವರು, ಹಾರೂಗೇರಿಯಿಂದ ಮೋಟರ್‌ಸೈಕಲ್ ಹತ್ತಿ ಬಂದ ಹುಡುಗರು. ಸಾವಕ್ಕನ ತವರು ಕೊಕಟನೂರಿನಿಂದ ಅವಳ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು ಒಂದು ಟೆಂಪೊ ತುಂಬ ಬಂದು ಇಳಿದರು. ನನ್ನ ಹೆಂಡತಿ ಪೂನಮ ಬುತ್ತಿಯ ಡಬ್ಬಿ ಹಿಡಿದುಕೊಂಡು ಬಂದು ಗುಡಿಯ ಕಟ್ಟೆಯ ಮೇಲೆ ಕೂತಳು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಅಗುಳು ಹಾಕುವುದಿಲ್ಲ. "ಗೆಲ್ಲರಿ, ಸೋಲರಿ, ಹೊತ್ತ ಮುಣುಗೂದರಾಗ ಬಂದ ಉಣ್ಣರಿ. ಆಮ್ಯಾಲ ಹಸಿವಿ ಅಂತ ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ," ಎಂದು ಎಲ್ಲರೆದುರೇ ಹೇಳಿದಳು.

ತೂಕಕ್ಕೆ ತಂಬಾಕಿನ ವಖಾರಿಯಿಂದ ದೊಡ್ಡ ಕಾಟಾ ತರಿಸಿದ್ದರು. ಗಾಡಿ ಏರಿಸಿದೆವು, ಮಾಳು ಹತ್ತಿ ಕೂತ. ಮುಳ್ಳು ಎರಡು ಕ್ವಿಂಟಲ್ ದಾಟಿ ಹೋಗಿ ನಿಂತಿತು. ಜ್ಞಾನದೇವ ಮಾಮಾ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ ತಲೆ ಅಲ್ಲಾಡಿಸಿದ.

"ಲೇ ಮಾಳ್ಯಾ, ತಿಂಗಳ ಹಿಂದ ತೂಗಿದಾಗ ಬರೋಬರಿ ಇತ್ತಲ್ಲೋ," ಅಂದೆ. ಮಾಳು ಅಂಗಿಯ ಗುಂಡಿ ಎಳೆದುಕೊಂಡು ನೆಲ ನೋಡಿದ. ಗುಂಡಿ ಹೊಟ್ಟೆಯ ಮೇಲೆ ಬಿಗಿದಿತ್ತು.

ಫ್ಲೈವೀಲ್ ಬಿಚ್ಚಿಬಿಡು ಎಂದು ಯಾರೋ ಸಲಹೆ ಕೊಟ್ಟರು. ವೆಲ್ಡ್ ಮಾಡಿದ್ದನ್ನು ಹಲ್ಲಿನಿಂದ ಬಿಚ್ಚಲೇ? ನಾನು ಕೂರೋಣವೆಂದರೆ, ನನ್ನ ಹೊಟ್ಟೆಯ ಬಗ್ಗೆ ಇಲ್ಲಿ ಮಾತು ಬೇಡ. ಭಾವುಸಾಹೇಬ ದೂರದಲ್ಲಿ ನಿಂತು ಕಬ್ಬಿನ ಹಾಲು ಕುಡಿಯುತ್ತಾ ನಗುತ್ತಿದ್ದ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆಗ ಸಾವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಟಾದ ಮೇಲೆ ಹತ್ತಿ, ಮಗನ ತೋಳು ಹಿಡಿದು ಇಳಿಸಿ, ತಾನು ಕೂತಳು. ಮುಳ್ಳು ಹಿಂದೆ ಸರಿಯಿತು. ಎರಡು ಕ್ವಿಂಟಲ್ಲಿಗೂ ಸಾಕಷ್ಟು ಕಡಿಮೆ.

"ಹೇ ಕಾಯ, ಏನಿದು?" ಎಂದು ಭಾವುಸಾಹೇಬ ಗ್ಲಾಸು ಇಟ್ಟು ಬಂದ. "ಮಾಮಾ, ಶರ್ಯತ್ತಿನ್ಯಾಗ ಹೆಂಗಸರು ಕುಂದ್ರೂ ಪದ್ಧತಿ ಇಲ್ಲ. ಎತ್ತಿನ ಗಾಡಿ ಹತ್ರಾನೂ ಅವರನ್ನ ಬಿಡಂಗಿಲ್ಲ."

ಸಾವಕ್ಕ ಸೀಟಿನಿಂದಲೇ ಹೇಳಿದಳು: "ಎತ್ತ ಬೆದರತಾವ ಅಂತ ನಮ್ಮನ್ನ ದೂರ ಇಟ್ಟಿದ್ರಿ. ಇಲ್ಲಿ ಎತ್ತ ಎಲ್ಲಿ ಅದಾವ? ಬೆದರಾವ ಯಾರರ ಇದ್ರ ನೀವೊಬ್ಬರ ನೋಡ್ರಿ, ಭಾವುಸಾಹೇಬ್ರ."

ಕೊಕಟನೂರಿನವರು ಘಾಟ್ ಅದುರುವಂತೆ ನಕ್ಕರು. ಮಾಮಾ ಬಾವುಟ ಹೆಗಲಿಗೇರಿಸಿ, "ನಿಯಮದಾಗ ತೂಕ ಐತಿ, ಹೆಂಗಸು ಗಂಡಸು ಇಲ್ಲ. ನಡೀರಿ," ಅಂದ. ಭಾವುಸಾಹೇಬ ತನ್ನ ಗಾಡಿಯ ಕಡೆ ಹೋದ.

ಈಗ ಎಲ್ಲರೂ ನನ್ನ ಮುಖ ನೋಡಿದರು. ಗಾಡಿ ನನ್ನದು, ನಾನು ಬೇಡವೆಂದರೆ ಬೇಡ. ಸಾವಕ್ಕನೂ ನೋಡಿದಳು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು, ಇಳಿಸಬೇಕಾದರೆ ಸ್ಟೇರಿಂಗ್ ಸಮೇತ ಇಳಿಸಬೇಕಾಗುತ್ತಿತ್ತು. ಹಗುರ ಆಳು, ಭಾರದ ಗಾಡಿ, ಬೆಣ್ಣೆಯಂಥ ಬೇರಿಂಗು. ಯಾರು ಕೂತರೇನು, ಗೆಲ್ಲುವುದು ನನ್ನ ಗಾಡಿ ತಾನೆ? ಹೂಂ ಅಂದೆ. ಒಂದೇ ಮಾತು ಹೇಳಿದೆ: "ಅಕ್ಕಾ, ಬ್ರೇಕ್ ಮುಟ್ಟಬ್ಯಾಡ."

"ಮುಟ್ಟಂಗಿಲ್ಲ," ಅಂದಳು. ಅವಳ ಮುಖ ಹೇಗೆ ಅರಳಿತೆಂದರೆ, ಆ ಸಿಟ್ಟಿನಲ್ಲೂ ನನಗೆ ಒಂದು ಗಳಿಗೆ ಖುಷಿಯಾಯಿತು.

ಗೆರೆಯ ಮೇಲೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರು. ನಾನು ಬಗ್ಗಿ ಬೇರಿಂಗುಗಳಿಗೆ ಕೊನೆಯ ಹನಿ ಎಣ್ಣೆ ಬಿಟ್ಟು ಎದ್ದು ನಿಂತೆ. ಅಷ್ಟರಲ್ಲಿ ಕೊಕಟನೂರಿನ ಟೆಂಪೊ ಪೂರ್ತಿ ನನ್ನ ಹಿಂದೆ ಬಂದು ನಿಂತಿತ್ತು. ಎಲ್ಲರ ಕೈಯಲ್ಲೂ ಚೀಲ. ಅವರ ಊರಿನದು ಎಲ್ಲವ್ವನ ದೊಡ್ಡ ಗುಡಿ. ಹೊಸ ಎತ್ತು ಇರಲಿ, ಹೊಸ ಟ್ರ್ಯಾಕ್ಟರ್ ಇರಲಿ, ಭಂಡಾರದ ಅರಿಸಿನ ಬೀಳದೆ ಅವರಲ್ಲಿ ಯಾವುದೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಇಲ್ಲಂತೂ ಮನೆಯ ಮಗಳೇ ಕೂತಿದ್ದಾಳೆ.

"ಗಾಲಿಗಿ ಬ್ಯಾಡ್ರೋ, ಗಾಲಿಗಿ ಬ್ಯಾಡ," ಎಂದು ನಾನು ಎರಡೂ ಕೈ ಚಾಚಿದೆ.

ಯಾರು ಕೇಳಬೇಕು? "ಎಲ್ಲವ್ವ ತಾಯಿ ಉಧೋ ಉಧೋ" ಎಂದು ಕೂಗಿ ಮುಷ್ಟಿ ಮುಷ್ಟಿ ಭಂಡಾರ ಎರಚಿದರು. ಸಾವಕ್ಕನ ಅತ್ತಿಗೆ ಶೇವಂತಾ ಅಂತೂ ಚೀಲವನ್ನೇ ಬೋರಲು ಹಾಕಿ, ನಾಲ್ಕೂ ಗಾಲಿಗೆ ಭಕ್ತಿಯಿಂದ ಒತ್ತಿ ಒತ್ತಿ ಮೆತ್ತಿದಳು. ನನ್ನ ಕಣ್ಣು, ಬಾಯಿ, ಕಿವಿ ಎಲ್ಲ ಅರಿಸಿನ. ಮುಚ್ಚಳ ಕಿತ್ತ ಬೇರಿಂಗು, ಒಳಗೆ ಹಸಿ ಎಣ್ಣೆ, ಅದರೊಳಗೆ ಸೇರುಗಟ್ಟಲೆ ಅರಿಸಿನ ಪುಡಿ. ಏನಾಗುತ್ತದೆ ಎಂದು ಹೇಳಬೇಕಿಲ್ಲ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಾವುಟ ಬಿತ್ತು.

ಉಳಿದ ಗಾಡಿಗಳು ಕರಕರ ಸದ್ದು ಮಾಡುತ್ತಾ ಹಾರಿ ಹೋದವು. ಭಾವುಸಾಹೇಬ ಮೊದಲ ತಿರುವಿನಲ್ಲಿ ಮರೆಯಾದ. ನನ್ನ ಗಾಡಿ ಒಮ್ಮೆ ನರಳಿತು, ಸ್ವಲ್ಪ ಯೋಚನೆ ಮಾಡಿತು, ಆಮೇಲೆ ದಿಬ್ಬಣದ ಬೀಗರ ಹಾಗೆ ಗಂಭೀರವಾಗಿ ಹೊರಟಿತು. ಹಿಂದೆ ರಸ್ತೆಯ ಮೇಲೆ ನಾಲ್ಕು ಹಳದಿ ಗೆರೆ ಮೂಡುತ್ತಾ ಹೋದವು.

ನಾನು ಓಡಿದೆ. ಸ್ವಲ್ಪ ಹೊತ್ತಿಗೆ ಓಡುವ ಅಗತ್ಯವೇ ಇಲ್ಲವೆಂದು ಗೊತ್ತಾಯಿತು, ಬಿರುಸಾಗಿ ನಡೆದರೆ ಸಾಕಾಗಿತ್ತು. ಗಾಡಿಯ ಪಕ್ಕ ನಡೆಯುತ್ತಾ ಬಾಯಿಗೆ ಬಂದಂತೆ ಬೈಯತೊಡಗಿದೆ. ಶೇವಂತಾಳನ್ನು ಬೈದೆ, ಅವಳ ಚೀಲವನ್ನು ಬೈದೆ, ಅರಿಸಿನ ಬೆಳೆದವನನ್ನು ಬೈದೆ, ಟೆಂಪೊದ ಡ್ರೈವರನನ್ನೂ ಬಿಡಲಿಲ್ಲ. "ವರ್ಷದ ಕೆಲಸ ಅಕ್ಕಾ, ವರ್ಷದ ಕೆಲಸ. ಎಲ್ಲಾ ಮಣ್ಣುಪಾಲ ಮಾಡಿದ್ರು."

ಸಾವಕ್ಕ ನನ್ನ ಕಡೆ ತಿರುಗಲಿಲ್ಲ. ಅವಳು ಗುಡ್ಡ ನೋಡುತ್ತಿದ್ದಳು.

"ತಮ್ಮಾ, ಅಲ್ಲಿ ಕಲ್ಲ ಕಾಣಾಕತ್ತೈತಲ್ಲ, ಅದರ ಬಗಲಾಗ ನೀರ ಇರತೈತಿ, ಉರಿ ಬ್ಯಾಸಿಗ್ಯಾಗೂ. ನಿನಗ ಗೊತ್ತಿತ್ತೇನ?"

ನನಗೆ ಗೊತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನೀರು ಕಟ್ಟಿಕೊಂಡು ನನಗೇನು? ಮತ್ತೆ ಬೈಯಲು ಬಾಯಿ ತೆರೆದೆ. ಮೊದಲ ತಿರುವು ಬಂತು. ಅವಳು ಮೈ ವಾಲಿಸಿ ಗಾಡಿಯನ್ನು ಚೆಂದವಾಗಿ ತಿರುಗಿಸಿದಳು. ತಿರುವಿನ ಮೇಲಿನ ಓರೆಯಲ್ಲಿ ಅವಳ ಗಂಡ ವಿಠೋಬಾ ಕುರಿಗಳ ನಡುವೆ ನಿಂತಿದ್ದ. ಹಬ್ಬವಿರಲಿ ಶರ್ಯತ್ತಿರಲಿ, ಕುರಿಗೆ ಮೇವು ತಪ್ಪಿಸಲಾಗುವುದಿಲ್ಲ, ಅದಕ್ಕೇ ಅವನು ಮೇಲೆ ಬಂದಿರಲಿಲ್ಲ. ಮಗ ಬರುತ್ತಾನೆ ಎಂದು ಕಾದಿದ್ದವನು, ಹಳದಿ ಹಳದಿಯಾದ ಹೆಂಡತಿ ಗಾಡಿ ನಡೆಸಿಕೊಂಡು ಬರುವುದನ್ನು ಕಂಡು ಕೋಲು ಕೈಬಿಟ್ಟ.

"ಬುಟ್ಟ್ಯಾಗ ರೊಟ್ಟಿ ಇಟ್ಟೇನಿ," ಎಂದು ಸಾವಕ್ಕ ಅವನಿಗೆ ಕೂಗಿ ಹೇಳಿದಳು. "ಹಾದಿ ಕಾಯಬ್ಯಾಡ್ರಿ. ನಾ ಸ್ವಲ್ಪ ಕೆಲಸದಾಗ ಅದೇನಿ."

ವಿಠೋಬಾ ತಲೆಯಾಡಿಸಿದ. ನನಗೆ ನಗು ಬಂತು, ತಡೆದುಕೊಂಡೆ. ಸಿಟ್ಟು ಇನ್ನೂ ಬಾಕಿ ಇತ್ತು.

ಮುಂದಿನ ತಿರುವಿನಲ್ಲಿ ಒಂದು ಹಳೇ ಹುಣಸೇಮರ. ಅಲ್ಲಿ ಇಳಕಲು ಕಡಿಮೆ, ಗಾಡಿ ಇನ್ನೂ ಮೆತ್ತಗಾಯಿತು. ಸಾವಕ್ಕ ಕತ್ತೆತ್ತಿ ಕೊಂಬೆಗಳನ್ನು ನೋಡಿದಳು.

"ಈ ಗಿಡದ ಬುಡಕ ಮಾಳು ಹುಟ್ಟಿದ," ಅಂದಳು. "ಕುರಿ ಮೇಸಾಕ ಬಂದಿದ್ದೆ, ಬ್ಯಾನಿ ಸುರು ಆತು. ಹೊಲದಾಗಿನ ಹೆಂಗಸರು ಓಡಿ ಬಂದ್ರು. ಸಂಜೀಕ ಕೂಸನ್ನ ಉಡ್ಯಾಗ ಹಾಕ್ಕೊಂಡ, ಕುರಿ ಹೊಡಕೊಂಡ ನಡಕೋತ ಇಳದೆ. ಇಲ್ಲಿಂದ ಮನಿ ತನಕ ಹೆಂಗ ಹೋದ್ನೋ ಏನೇನೂ ನೆನಪಿಲ್ಲ, ತಮ್ಮಾ. ಇವತ್ತ ನೋಡಾಕತ್ತೇನಿ. ಎಷ್ಟ ಚಂದ ಐತಿ ಇದ."

ನಾನು ಅವಳ ಪಕ್ಕ ನಡೆಯುತ್ತಿದ್ದೆ. ನಾನು ಈ ಘಾಟನ್ನು ಸಾವಿರ ಸಲ ಮೋಟರ್‌ಸೈಕಲ್ಲಿನಲ್ಲಿ ಇಳಿದವನು. ಆ ಮರವನ್ನು ಒಮ್ಮೆಯೂ ನೋಡಿರಲಿಲ್ಲ. ಅವತ್ತು ನೋಡಿದೆ. ಕೆಳಗೆ ಕಬ್ಬಿನ ಗದ್ದೆಗಳು, ತಂಬಾಕಿನ ಹೊಲ, ನಮ್ಮೂರಿನ ಹೆಂಚುಗಳು, ನನ್ನ ಗ್ಯಾರೇಜಿನ ತಗಡು ಎಲ್ಲ ಕಾಣುತ್ತಿತ್ತು. ಮುಖಕ್ಕೆ ಮೆತ್ತಿದ್ದ ಅರಿಸಿನ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ.

ಆಮೇಲೆ ನಾನು ಬೈಯಲಿಲ್ಲ. ಇಬ್ಬರೂ ಮಾತಾಡುತ್ತಾ ಇಳಿದೆವು. ಯಾವ ಬಂಡೆಯ ಹಿಂದೆ ತೋಳ ಕಂಡಿತ್ತು, ಎಲ್ಲಿ ಕವಳಿಹಣ್ಣು ಸಿಗುತ್ತದೆ, ಯಾವ ಕಲ್ಲಿನ ಮೇಲೆ ಕೂತು ಅವಳೂ ವಿಠೋಬಾನೂ ಮೊದಲ ಸಲ ಜಗಳ ಆಡಿದರು, ಎಲ್ಲ ಹೇಳಿದಳು. ಬ್ರೇಕ್ ಒಮ್ಮೆಯೂ ಮುಟ್ಟಲಿಲ್ಲ. ಮುಟ್ಟುವ ಪ್ರಸಂಗವೂ ಬರಲಿಲ್ಲ.

ಕೆಳಗೆ ಹಳ್ಳದ ಸೇತುವೆಯ ಹತ್ತಿರ ಗೆಲುವಿನ ಗೆರೆ. ಭಾವುಸಾಹೇಬ ಎಂದೋ ಮುಟ್ಟಿ, ಗುಲಾಲು ಬಳಿಸಿಕೊಂಡು, ನೀರು ಕುಡಿದು, ಬೇಜಾರಾಗಿ ಬೀಡಿ ಹಚ್ಚಿದ್ದ. ಆದರೆ ಜನ ಯಾರೂ ಕದಲಿರಲಿಲ್ಲ. ನಮ್ಮ ಗಾಡಿ ತಿರುವಿನಲ್ಲಿ ಕಾಣಿಸಿದ್ದೇ ಹಲಗೆಯವರು ಬಾರಿಸಲು ಶುರುಮಾಡಿದರು. ಗಾಡಿ ಗೆರೆ ದಾಟಿ, ಇನ್ನು ಸಾಕೆಂಬಂತೆ ತಾನೇ ನಿಂತಿತು. ಎಲ್ಲರಿಗಿಂತ ಕೊನೆ.

ಭಾವುಸಾಹೇಬ ಬೀಡಿ ಎಸೆದು ಬಂದು, "ಹೆಂಗಿತ್ತ ಬೇ ಸಾವಕ್ಕ?" ಅಂದ. ಕೇಳುವ ದನಿಯಲ್ಲಿ ಕುಹಕವಿರಲಿಲ್ಲ.

"ಚಲೋ ಇತ್ತ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಖರೇ, ಭಾಳ ಲಗೂ ಮುಗೀತು. ಮುಂದಿನ ವರ್ಷ ಇನ್ನಷ್ಟ ಸಾವಕಾಶ ಇಳಿಯೂ ಹಂಗ ಮಾಡಾಕ ಬರತೈತೇನ, ತಮ್ಮಾ?"

ವರ್ಷವಿಡೀ ಆ ಗಾಡಿಯನ್ನು ಓಡಿಸಲು ಒದ್ದಾಡಿದವನು ನಾನು. ಮಾಡಲು ಬರುತ್ತದೆ ಅಂದೆ. ಜನ ನಕ್ಕರು, ನಾನೂ ನಕ್ಕೆ, ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡೆ.

ಗಾಡಿಗಳನ್ನು ಮೇಲೆ ದೂಡಿಕೊಂಡು ಹೋಗುವ ಹೊತ್ತಾಯಿತು. ಸಾವಕ್ಕ ಸೀಟಿನಿಂದ ಇಳಿದಳು, ಸೆರಗು ಬಿಗಿದಳು, ಯಾರೂ ಹೇಳುವ ಮೊದಲೇ ಗಾಡಿಯ ಹಿಂದೆ ಬಂದು ಬಗ್ಗಿ ಎರಡೂ ಕೈ ಇಟ್ಟಳು. ಹತ್ತುವುದೆಂದರೆ ಅವಳಿಗೆ ಅದೇ ಗೊತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅಕ್ಕಾ, ಹತ್ತ ಮ್ಯಾಲ," ಅಂದೆ. "ಕುಂದ್ರ."

"ಭಾರ ಆಗತೈತೋ."

"ಆಗಲಿ. ಕುಂದ್ರ ಅಂದ್ನೆಲ್ಲ."

ಅವಳು ನನ್ನ ಮುಖ ನೋಡಿ, ಹೋಗಿ ಕೂತಳು. ನಮ್ಮ ಹಿಂದೆಯೇ ಇಳಿದು ಬಂದಿದ್ದ ಮಾಳು ಒಂದು ಕಡೆ, ನಾನು ಒಂದು ಕಡೆ ಹೆಗಲು ಕೊಟ್ಟೆವು. ಅರಿಸಿನ ತುಂಬಿದ ಬೇರಿಂಗು, ಕೆಳಗೆ ತವನಪ್ಪನ ಗಾಣದ ಫ್ಲೈವೀಲು. ಇಂಥ ಹೇರು ಯಾವ ಪುಣ್ಯಾತ್ಮ ಹಾಕಿದ ಎಂದು ಮಾಳು ಏದುಸಿರು ಬಿಡುತ್ತಾ ಕೇಳಿದ. ನಾನು ಕೇಳಿಸದವನಂತೆ ದೂಡಿದೆ.

"ನೀ ಹಿಂಗ ಊದಿಕೊಳ್ಳದಿದ್ರ ಇದ್ಯಾವದೂ ಆಗತಿದ್ದಿಲ್ಲ," ಅಂದೆ ಸ್ವಲ್ಪ ಹೊತ್ತಿನ ಮೇಲೆ.

"ನಾ ಏನ ಮಾಡ್ಲಿ ಕಾಕಾ? ತಿಂಗಳಾತು, ಅವ್ವ ತಾಟಿನ ಮುಂದಿಂದ ಏಳಾಕ ಬಿಡವಲ್ಲಳು. ರೊಟ್ಟಿ ಮ್ಯಾಲ ಬೆಣ್ಣಿ, ಬೆಣ್ಣಿ ಮ್ಯಾಲ ಬೆಲ್ಲ. ಶರ್ಯತ್ತಿಗಿ ಶಕ್ತಿ ಬೇಕು, ಉಣ್ಣ ಉಣ್ಣ ಅಂತ..."

ಅವನು ನಡುವೆಯೇ ನಿಲ್ಲಿಸಿದ. ನಾನೂ ನಿಂತೆ. ಇಬ್ಬರೂ ತಲೆ ಎತ್ತಿ ಮುಂದೆ ನೋಡಿದೆವು. ಸಾವಕ್ಕನ ಬೆನ್ನು ನೆಟ್ಟಗಿತ್ತು, ಹೆಗಲು ಮಾತ್ರ ಸಣ್ಣಗೆ ಅಲುಗುತ್ತಿತ್ತು. ನಗುತ್ತಿದ್ದಳು.

ಹಿಂದಿನಿಂದ ಮತ್ತೊಂದು ಜೊತೆ ಕೈ ಬಂದು ಗಾಡಿಗೆ ತಾಗಿತು. ಭಾವುಸಾಹೇಬ. ತನ್ನ ಗಾಡಿಯನ್ನು ಹುಡುಗರಿಗೆ ಒಪ್ಪಿಸಿ ಬಂದಿದ್ದ. "ಸರೀರಿ, ಇಬ್ಬರ ಕೈಲೆ ಆಗೂ ಕೆಲಸ ಅಲ್ಲ ಇದ," ಅಂದ. ನಾನು ಜಾಗ ಬಿಟ್ಟೆ. ಕೊಕಟನೂರಿನವರೂ ಇಳಿದು ಬಂದು ಹಗ್ಗ ಕಟ್ಟಿ ಮುಂದಿನಿಂದ ಎಳೆದರು. ಶೇವಂತಾ ಎಲ್ಲರಿಗಿಂತ ಜೋರಾಗಿ ಎಳೆಯುತ್ತಿದ್ದಳು.

ಹುಣಸೇಮರ ದಾಟುವಾಗ ಹೊತ್ತು ಗುಡ್ಡದ ಅಂಚಿಗೆ ಬಂದಿತ್ತು. ಮೇಲೆ ಗುಡಿಯ ಕಟ್ಟೆಯ ಮೇಲೆ ಪೂನಮ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಬುತ್ತಿಯ ಡಬ್ಬಿ ಎತ್ತಿ ತೋರಿಸಿ, ಇನ್ನೊಂದು ಕೈಯಿಂದ ಸೂರ್ಯನ ಕಡೆ ಬೊಟ್ಟು ಮಾಡುತ್ತಿದ್ದಳು. ಡಬ್ಬಿಯಲ್ಲಿ ಎಣ್ಣೆಗಾಯಿ ಇತ್ತು, ಬೆಳಿಗ್ಗೆ ಮಾಡುವಾಗಲೇ ವಾಸನೆ ಹಿಡಿದಿದ್ದೆ. ಬಿರುಸಾಗಿ ದೂಡಿದರೆ ಹೊತ್ತಿಗೆ ಮುಟ್ಟಬಹುದಿತ್ತು. ಹಲ್ಲು ಕಚ್ಚಿ ಜೋರಾಗಿ ದೂಡಿದೆ. ಗಾಡಿ ಜಿಗಿದು ಮುಂದೆ ಹೋಯಿತು.

"ಸಾವಕಾಶ, ತಮ್ಮಾ," ಅಂದಳು ಸಾವಕ್ಕ, ತಿರುಗಿ ನೋಡದೆ. "ಹತ್ತುವಾಗ ದಿನಾ ಬರೇ ನನ್ನ ಕಾಲ ನೋಡಕೋತ ಹತ್ತತೇನಿ. ಇವತ್ತ ಗುಡ್ಡ ನೋಡತೇನಿ."

ಪೂನಮ ಮೇಲಿನಿಂದ ಇನ್ನೊಮ್ಮೆ ಕೂಗಿದಳು. ಹೊತ್ತು ಮುಳುಗಿತು. ನಾನು ಸಾವಕಾಶವಾಗಿಯೇ ದೂಡಿದೆ.